ಓದುಗರ ಪ್ರಶ್ನೆ: ಪರದೇಶದಲ್ಲಿ ಕಾರ್ಡ್ ಕಳೆದರೆ ದುಡ್ಡಿಗೆ ದಾರಿ ಯಾವುದು?

ರಜೆ ಹತ್ತಿರವಾದಂತೆ ವಿದೇಶ ಪ್ರವಾಸದ ಪ್ರಶ್ನೆಗಳು ಒಟ್ಟೊಟ್ಟಿಗೆ ಬರುತ್ತವೆ. ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವುಗಳಲ್ಲಿ ಹೆಚ್ಚಿನವು ಬ್ಯಾಂಕ್ ಕಾರ್ಡಿನವೇ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಹೆಸರಿನ ಬದಲು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಟೂರ್ ಕಂಪನಿಯವರ ಜೊತೆ ಬ್ಯಾಂಕಾಕ್, ಪಟ್ಟಾಯಕ್ಕೆ ಹೊರಟಿದ್ದೇವೆ. ಪಿಂಚಣಿ ಬರುವುದು ಜಂಟಿ ಖಾತೆಗೆ, ಇರುವುದು ಒಂದೇ ಡೆಬಿಟ್ ಕಾರ್ಡ್. ಅಲ್ಲಿ ಅದು ಕಳೆದುಹೋದರೆ ಮೊದಲು ಏನು ಮಾಡಬೇಕು? ಮಗ ಬೆಂಗಳೂರಿನಲ್ಲಿದ್ದಾನೆ, ಕೂಡಲೇ ದುಡ್ಡು ಕಳಿಸಬಲ್ಲನೇ?
ನಿವೃತ್ತ ಶಿಕ್ಷಕಿ, ತಿಪಟೂರು

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ ಮೇಡಂ. ಮಗ ನಿಮ್ಮ ಖಾತೆಗೆ ಎರಡು ನಿಮಿಷದಲ್ಲಿ ಹಣ ಹಾಕಬಲ್ಲ. ಅದರಿಂದ ಪ್ರಯೋಜನವಿಲ್ಲ. ನಿಮ್ಮ ಖಾತೆಯಲ್ಲಿ ಹಣ ಆಗಲೂ ಇರುತ್ತದೆ. ಅದನ್ನು ಬ್ಯಾಂಕಾಕಿನಲ್ಲಿ ಬಹ್ತ್ ಆಗಿ ಕೈಗೆ ತರುವ ಸಾಧನ ಇರುವುದಿಲ್ಲ. ಕಾರ್ಡ್ ಕಳೆದವರು ಗಾಬರಿಯಲ್ಲಿ ಮನೆಗೆ ಫೋನ್ ಮಾಡಿ ಖಾತೆಗೆ ಹಣ ಹಾಕಿಸಿಕೊಳ್ಳುತ್ತಾರೆ, ಆಮೇಲೆ ಕಾರ್ಡ್ ಬ್ಲಾಕ್ ಮಾಡುತ್ತಾರೆ. ಕಳ್ಳನ ಕೈಯಲ್ಲಿ ಕಾರ್ಡ್ ಇರುವಾಗ ಖಾತೆ ತುಂಬಿಸಿದಂತಾಯಿತು. ಮೊದಲು ಬ್ಲಾಕ್, ಮಿಕ್ಕಿದ್ದೆಲ್ಲ ಆಮೇಲೆ.

ಬ್ಲಾಕ್ ಮಾಡುವುದರಲ್ಲಿ ಎರಡು ಬಗೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಆಫ್ ಮಾಡಬಹುದು. ಸಿಕ್ಕಿದರೆ ಮತ್ತೆ ಆನ್ ಮಾಡಬಹುದು. ಶಾಶ್ವತವಾಗಿ ಬ್ಲಾಕ್ ಮಾಡಿದ ಕಾರ್ಡ್ ಆಮೇಲೆ ಸಿಕ್ಕಿದರೂ ಪ್ಲಾಸ್ಟಿಕ್ ತುಂಡು ಅಷ್ಟೆ. ಹೋಟೆಲ್ ರೂಮಿನಲ್ಲೋ ಬಸ್ಸಿನ ಸೀಟಿನಲ್ಲೋ ಬಿದ್ದಿರಬಹುದು ಅನ್ನಿಸಿದರೆ ಮೊದಲು ಆಫ್ ಮಾಡಿ, ಆಮೇಲೆ ಹುಡುಕಿ. ಹುಡುಕಿದ ಮೇಲೆ ಆಫ್ ಮಾಡೋಣ ಅನ್ನಬೇಡಿ. ನಮ್ಮಲ್ಲಿ ಆನ್‌ಲೈನ್ ಖರೀದಿಗೆ ಸಾಮಾನ್ಯವಾಗಿ ಒಟಿಪಿ ಬೇಕು. ವಿದೇಶಿ ವೆಬ್‌ಸೈಟುಗಳಿಗೆ ಆ ಕಟ್ಟುಪಾಡಿಲ್ಲ; ಎಷ್ಟೋ ಕಡೆ ಕಾರ್ಡ್ ನಂಬರ್, ಅವಧಿ ಮತ್ತು ಹಿಂಬದಿಯ ಮೂರಂಕಿ ಇದ್ದರೆ ಹಣ ಕಡಿತವಾಗುತ್ತದೆ. ಒಟಿಪಿ ನನ್ನ ಫೋನಿಗೇ ತಾನೇ ಬರೋದು ಎಂಬ ಧೈರ್ಯ ಊರಾಚೆ ನಡೆಯುವುದಿಲ್ಲ.

ಆ್ಯಪ್ ಇಲ್ಲದಿದ್ದರೆ ಫೋನ್ ಮಾಡಬೇಕು. ಕಾರ್ಡಿನ ಹಿಂದೆ ಅಚ್ಚಾಗಿರುವ 1800ರ ಟೋಲ್‌ಫ್ರೀ ನಂಬರುಗಳು ಪರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ. ಎಸ್‌ಎಂಎಸ್ ಕಳಿಸಿ ಬ್ಲಾಕ್ ಮಾಡುವ ಐದಾರು ಅಂಕಿಯ ಕಿರುಸಂಖ್ಯೆಗಳೂ ರೋಮಿಂಗಿನಲ್ಲಿ ಕೈಕೊಡುತ್ತವೆ. ಬ್ಯಾಂಕಿನ +91ರಿಂದ ಶುರುವಾಗುವ ಪೂರ್ತಿ ನಂಬರ್ ಬೇಕು. ಸ್ಟೇಟ್ ಬ್ಯಾಂಕಿನದು +91 80 26599990. ನಿಮ್ಮದು ಬೇರೆ ಬ್ಯಾಂಕಾದರೆ ಹೊರಡುವ ಮುನ್ನ ಬ್ರಾಂಚಿನಲ್ಲಿ ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಸೇವ್ ಮಾಡಿದ್ದು ಸಾಲದು, ಪಾಸ್‌ಪೋರ್ಟಿನ ಕವರಿನಲ್ಲಿ ಚೀಟಿಯೂ ಇರಲಿ. ಬ್ಲಾಕ್ ಆದ ಮೇಲೆ ಅವರು ಕೊಡುವ ದೂರು ಸಂಖ್ಯೆ ಮತ್ತು ಸಮಯ ಬರೆದಿಡಿ, ಮುಂದೆ ಜಗಳ ಬಂದರೆ ಅದೇ ಸಾಕ್ಷಿ. ಕಳವಾಗಿದ್ದರೆ ಥಾಯ್ಲೆಂಡಿನ ಟೂರಿಸ್ಟ್ ಪೊಲೀಸರ ನಂಬರ್ 1155. ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ವರದಿಯ ಪ್ರತಿ ಇಸಿದುಕೊಳ್ಳಿ, ಪ್ರವಾಸ ವಿಮೆಯವರು ಅದನ್ನೇ ಮೊದಲು ಕೇಳುವುದು.

ಇನ್ನು ಕೈಖರ್ಚಿನ ಮಾತು. ಗುಂಪಿನಲ್ಲಿ ಹೋಗಿರುವುದರಿಂದ ನಿಮಗೆ ಊಟ, ವಸತಿ, ಬಸ್ಸಿನ ಚಿಂತೆ ಇಲ್ಲ. ಟೂರ್ ಮ್ಯಾನೇಜರ್‌ಗೆ ಹೇಳಿದರೆ ಬಾಕಿ ಖರ್ಚನ್ನು ಅವರ ಕಂಪನಿ ಭರಿಸಿ, ಬಿಲ್ಲನ್ನು ನಿಮ್ಮ ಮಗನಿಂದ ರೂಪಾಯಿಯಲ್ಲಿ ವಸೂಲು ಮಾಡುವುದು ವಾಡಿಕೆ. ತಾವಾಗಿಯೇ ಹೋದವರಿಗೂ ಇದೇ ಸೂತ್ರ: ಹಣ ಕಳಿಸುವುದಕ್ಕಿಂತ ಖರ್ಚನ್ನೇ ಇಲ್ಲಿಂದ ಕಟ್ಟಿಬಿಡುವುದು ಸುಲಭ. ಹೋಟೆಲ್, ರೈಲು, ವಿಮಾನದ ಟಿಕೆಟ್ ಎಲ್ಲವನ್ನೂ ಮಗ ತನ್ನ ಕಾರ್ಡಿನಲ್ಲಿ ಬುಕ್ ಮಾಡಬಹುದು. ಹೋಟೆಲ್ ಬುಕ್ ಮಾಡುವಾಗ ಮುಂಗಡ ಪೂರ್ತಿ ಪಾವತಿಯ ರೂಮನ್ನೇ ಆರಿಸಬೇಕು. ಇಲ್ಲದಿದ್ದರೆ ಕೌಂಟರಿನಲ್ಲಿ ಬುಕ್ ಮಾಡಿದ ಕಾರ್ಡ್ ತೋರಿಸಿ ಅನ್ನುತ್ತಾರೆ. ಕಾರ್ಡುದಾರ ಬೇರೆಯವರಾದರೆ ಕೆಲವು ಹೋಟೆಲುಗಳು ಒಪ್ಪಿಗೆ ಪತ್ರ ಕೇಳುತ್ತವೆ; ಮಗ ಮೊದಲೇ ಇಮೇಲ್ ಮಾಡಿ ವಿಚಾರಿಸಲಿ. ರೂಮಿನ ಡೆಪಾಸಿಟ್ ಬೇರೆ ಕೇಳುತ್ತಾರೆ, ಅದಕ್ಕೆ ಸ್ವಲ್ಪ ನಗದು ಬೇಕಾಗುತ್ತದೆ.

ವೀಸಾ, ಮಾಸ್ಟರ್‌ಕಾರ್ಡ್ ಎರಡೂ ತುರ್ತು ನಗದು ಮತ್ತು ತುರ್ತು ಬದಲಿ ಕಾರ್ಡ್ ಒದಗಿಸುವ ಸೇವೆ ಇಟ್ಟಿವೆ. ಜಗತ್ತಿನ ಎಲ್ಲಿಂದಲಾದರೂ ವೀಸಾಕ್ಕೆ +1 303 967 1096, ಮಾಸ್ಟರ್‌ಕಾರ್ಡಿಗೆ +1 636 722 7111. ಇದರಲ್ಲಿ ಜನ ಎಡವುವ ಜಾಗ ಒಂದಿದೆ. ದುಡ್ಡು ಕೊಡುವ ತೀರ್ಮಾನ ಆ ಕಂಪನಿಯದಲ್ಲ, ನಿಮ್ಮ ಬ್ಯಾಂಕಿನದು. ಬ್ಯಾಂಕು ಹೂಂ ಅಂದ ಮೇಲೆ ನಿಮ್ಮ ಹತ್ತಿರದ ಏಜೆಂಟರ ಬಳಿ ಪಾಸ್‌ಪೋರ್ಟ್ ತೋರಿಸಿ ನಗದು ಪಡೆಯಬಹುದು. ಸಾಧಾರಣ ಡೆಬಿಟ್ ಕಾರ್ಡಿಗೆ ಈ ಸೌಲಭ್ಯ ಇದೆಯೋ ಇಲ್ಲವೋ, ಶುಲ್ಕ ಎಷ್ಟು ಎಂಬುದನ್ನು ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ಕೇಳಿ. ಬ್ಯಾಂಕಿನ ಮಾಮೂಲು ಬದಲಿ ಕಾರ್ಡನ್ನು ನಂಬಿ ಕೂರಬೇಡಿ. ಅದು ತಿಪಟೂರಿನ ಮನೆಗೆ ಬರುತ್ತದೆ, ಬ್ಯಾಂಕಾಕಿಗಲ್ಲ.

ಈಗಲೇ ಮಾಡಬೇಕಾದ್ದು ಇಷ್ಟು. ಜಂಟಿ ಖಾತೆಯಲ್ಲಿ ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಎಂಬ ಷರತ್ತಿದ್ದರೆ ಯಜಮಾನರ ಹೆಸರಿನಲ್ಲೂ ಒಂದು ಕಾರ್ಡ್ ಮಾಡಿಸಿ. ಎರಡೂ ಕಾರ್ಡುಗಳ ನಂಬರ್ ಬೇರೆ, ಆದ್ದರಿಂದ ಒಂದು ಬ್ಲಾಕ್ ಆದರೂ ಇನ್ನೊಂದು ಓಡುತ್ತದೆ. ಒಂದು ನಿಮ್ಮ ವ್ಯಾನಿಟಿ ಬ್ಯಾಗಿನಲ್ಲಿದ್ದರೆ ಇನ್ನೊಂದು ಅವರ ಜೇಬಿನಲ್ಲಿರಲಿ. ಒಂದೇ ಪರ್ಸಿನಲ್ಲಿ ಎರಡನ್ನೂ ಇಟ್ಟರೆ ಎರಡು ಮಾಡಿಸಿದ್ದು ದಂಡ. 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗಷ್ಟೇ ತೆರೆದಿರುತ್ತವೆ. ವಿದೇಶಿ ಬಳಕೆಯನ್ನು ಆ್ಯಪ್, ನೆಟ್ ಬ್ಯಾಂಕಿಂಗ್ ಅಥವಾ ಎಟಿಎಂನಲ್ಲಿ ನೀವೇ ಆನ್ ಮಾಡಬೇಕು. ದಿನದ ಮಿತಿಯನ್ನೂ ಅಲ್ಲೇ ಇಳಿಸಿಡಿ. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲವೂ 220 ಬಹ್ತ್ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತವೆ, ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಆದ್ದರಿಂದ ಚಿಲ್ಲರೆ ಚಿಲ್ಲರೆಯಾಗಿ ತೆಗೆಯಬೇಡಿ. ಪರದೆಯ ಮೇಲೆ ರೂಪಾಯಿಯಲ್ಲಿ ಲೆಕ್ಕ ತೋರಿಸಿ ಒಪ್ಪಿಗೆ ಕೇಳಿದರೆ ಬೇಡವೆಂದು ಒತ್ತಿ, ಬಹ್ತ್ ಲೆಕ್ಕದಲ್ಲೇ ಹೋಗಲಿ. ರೂಪಾಯಿಯ ಆ ದರದಲ್ಲಿ ಯಂತ್ರದವರ ಲಾಭ ಸೇರಿರುತ್ತದೆ. ಬ್ಯಾಂಕಿಗೆ ಅಂಟಿಕೊಂಡ ಎಟಿಎಂ, ಅದೂ ಬ್ಯಾಂಕು ತೆರೆದಿರುವ ಹೊತ್ತು ಒಳ್ಳೆಯದು. ಯಂತ್ರ ಕಾರ್ಡ್ ನುಂಗಿದರೆ ಒಳಗೆ ಹೋಗಿ ಕೇಳಲು ಒಬ್ಬರಾದರೂ ಇರುತ್ತಾರೆ. ಬೀದಿಬದಿಯ ಯಂತ್ರ ನುಂಗಿದ ಕಾರ್ಡ್ ಮತ್ತೆ ಸಿಗುವ ಆಸೆ ಇಟ್ಟುಕೊಳ್ಳದೆ ಬ್ಲಾಕ್ ಮಾಡಿ.

ಪ್ರಶ್ನೆ: ಮಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಪರ್ಸ್ ಕಳೆದುಕೊಂಡಿದ್ದಾನೆ, ಇಲ್ಲಿಂದ ಕೊಟ್ಟುಕಳಿಸಿದ್ದ ಕಾರ್ಡೂ ಅಲ್ಲಿಯ ಬ್ಯಾಂಕಿನ ಕಾರ್ಡೂ ಹೋಗಿವೆ. ನಮ್ಮ ಬ್ರಾಂಚಿನಲ್ಲಿ ಕೇಳಿದರೆ ಫಾರಿನ್‌ಗೆ ಕಳಿಸೋದು ಇಲ್ಲಿ ಆಗಲ್ಲ ಅಂದರು. ವೆಸ್ಟರ್ನ್ ಯೂನಿಯನ್ ಬೋರ್ಡ್ ಇರುವ ಅಂಗಡಿಯವರೂ ಆಗಲ್ಲ ಅಂತಾರೆ. ಅಲ್ಲಿಂದ ದುಡ್ಡು ಬರುತ್ತೆ, ಇಲ್ಲಿಂದ ಯಾಕೆ ಹೋಗಲ್ಲ?
ಮಾವಿನ ವ್ಯಾಪಾರಿ, ಶ್ರೀನಿವಾಸಪುರ

ಉತ್ತರ: ಅಂಗಡಿಯವರು ಹೇಳಿದ್ದು ಸರಿ ಸಾರ್. ಆ ಅಂಗಡಿಗಳು ನಡೆಯುವುದು ರಿಸರ್ವ್ ಬ್ಯಾಂಕಿನ ಹಣ ವರ್ಗಾವಣೆ ಸೇವಾ ಯೋಜನೆಯಡಿ. ಅದರಲ್ಲಿ ಹೊರಗಿನಿಂದ ಒಳಕ್ಕೆ ಬರುವ ಹಣಕ್ಕೆ ಮಾತ್ರ ಅನುಮತಿ. ಒಂದು ಸಲಕ್ಕೆ 2,500 ಡಾಲರ್, ವರ್ಷಕ್ಕೆ ಒಬ್ಬರಿಗೆ 30 ಸಲ ಎಂಬ ಮಿತಿಯೂ ಇದೆ. ಇಲ್ಲಿಂದ ಹೊರಕ್ಕೆ ಕಳಿಸುವ ದಾರಿಯೇ ಆ ಯೋಜನೆಯಲ್ಲಿಲ್ಲ.

ಬ್ರಾಂಚಿನವರದು ಅರ್ಧ ಸತ್ಯ. ವಿದೇಶಿ ವಿನಿಮಯದ ಕೆಲಸ ಎಲ್ಲ ಶಾಖೆಗಳಲ್ಲೂ ನಡೆಯುವುದಿಲ್ಲ. ಆದರೆ ಅದೇ ಬ್ಯಾಂಕಿನ ಯಾವ ಶಾಖೆಯಲ್ಲಿ ನಡೆಯುತ್ತದೆ, ಕಾಗದಗಳನ್ನು ಇಲ್ಲಿಂದಲೇ ಅಲ್ಲಿಗೆ ಕಳಿಸಿಕೊಡುತ್ತೀರಾ ಎಂದು ಕೇಳಿದರೆ ಉತ್ತರ ಬೇರೆಯಾಗಬಹುದು. ನಿಮಗೆ ನೆಟ್ ಬ್ಯಾಂಕಿಂಗ್ ಇದ್ದರೆ ಅದರಲ್ಲೇ ವಿದೇಶಕ್ಕೆ ಹಣ ಕಳಿಸುವ ವಿಭಾಗ ಇದೆಯೇ ನೋಡಿ. ಬೇಕಾಗುವುದು ನಿಮ್ಮ ಪ್ಯಾನ್, ವಿದೇಶಕ್ಕೆ ಹಣ ಕಳಿಸಲು ತುಂಬುವ ಎ2 ಫಾರಂ, ಮಗನ ಖಾತೆಯ ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಮತ್ತು ಅವನ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್. ಜರ್ಮನಿಯ ಐಬ್ಯಾನ್‌ನಲ್ಲಿ ಮೊದಲು ಡಿ, ಇ ಎಂಬ ಎರಡು ಅಕ್ಷರ, ಆಮೇಲೆ 20 ಅಂಕಿ, ಒಟ್ಟು 22. ಮಗನಿಂದ ಫೋನಿನಲ್ಲಿ ಹೇಳಿಸಿಕೊಂಡು ಬರೆದುಕೊಳ್ಳುವ ಬದಲು ಮೆಸೇಜಿನಲ್ಲಿ ತರಿಸಿಕೊಳ್ಳಿ, ಒಂದಂಕಿ ತಪ್ಪಿದರೂ ಹಣ ವಾಪಸ್ಸು ಬರುವಷ್ಟರಲ್ಲಿ ದಿನಗಟ್ಟಲೆ ಕಳೆಯುತ್ತದೆ. ಉದ್ದೇಶದ ಕೋಡ್ ಕೇಳಿದಾಗ ಕಾಲೇಜಿನ ಶುಲ್ಕ, ಹಾಸ್ಟೆಲ್ ಖರ್ಚಾದರೆ ಎಸ್0305, ಮನೆಯವರ ನಿರ್ವಹಣೆಗಾದರೆ ಎಸ್1301. ಶುಲ್ಕ ಯಾರದು ಎಂಬ ಜಾಗದಲ್ಲಿ ಪೂರ್ತಿ ಶುಲ್ಕ ಕಳಿಸುವವರದೇ ಎಂದು ಗುರುತು ಹಾಕಿ. ಹಂಚಿಕೊಳ್ಳುವುದು ಎಂದರೆ ನಡುವಿನ ಬ್ಯಾಂಕುಗಳು ತಮ್ಮ ಪಾಲು ಹಿಡಿದುಕೊಂಡು, ಕಳಿಸಿದ್ದಕ್ಕಿಂತ ಕಡಿಮೆ ಯೂರೋ ಅವನಿಗೆ ಸೇರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ಕೆಲಸದ ದಿನ ಹಿಡಿಯುತ್ತದೆ. ಶುಕ್ರವಾರ ಮಧ್ಯಾಹ್ನದ ಮೇಲೆ ಕೊಟ್ಟದ್ದು ಸೋಮವಾರಕ್ಕೆ ಹೊರಡುತ್ತದೆ ಎಂದೇ ಲೆಕ್ಕ ಹಾಕಿ.

ಕಳಿಸುವ ಮಿತಿ ನಿಮಗೆ ತೊಡಕಾಗುವುದಿಲ್ಲ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಅವಕಾಶ ಇದೆ. ವರ್ಷದ ಒಟ್ಟು ರವಾನೆ 10 ಲಕ್ಷ ರೂಪಾಯಿ ದಾಟಿದ ಮೇಲಷ್ಟೇ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಹಿಡಿಯುವ ಮಾತು; ಈ ಮೊತ್ತ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ನಿಜ ಹೇಳಬೇಕೆಂದರೆ ನಿಮ್ಮ ಮಗನಿಗೆ ಈ ಹೊತ್ತಿಗೆ ಇಲ್ಲಿನ ಹಣಕ್ಕಿಂತ ಅಲ್ಲಿನ ಖಾತೆ ಮುಖ್ಯ. ಜರ್ಮನಿಯಲ್ಲಿ ಕಾರ್ಡ್ ಬ್ಲಾಕ್ ಮಾಡಲು 116 116 ಎಂಬ ಒಂದೇ ನಂಬರ್ ಇದೆ, ಹೆಚ್ಚಿನ ಬ್ಯಾಂಕುಗಳು ಅದರಲ್ಲಿವೆ. ಆದರೆ ಜಿರೋಕಾರ್ಡ್ ಎಂಬ ಅಲ್ಲಿಯ ಡೆಬಿಟ್ ಕಾರ್ಡ್‌ಗೆ ಇನ್ನೊಂದು ರಂಧ್ರವಿದೆ. ಕೆಲವು ಅಂಗಡಿಗಳಲ್ಲಿ ಪಿನ್ ಇಲ್ಲದೆ ಬರಿ ಸಹಿ ಹಾಕಿಸಿಕೊಂಡು ಹಣ ಎಳೆಯುತ್ತಾರೆ, 116 116ರ ಬ್ಲಾಕ್ ಅದನ್ನು ತಡೆಯುವುದಿಲ್ಲ. ಪೊಲೀಸರ ಬಳಿ ದೂರು ಕೊಟ್ಟು, ಸಹಿಯ ಪಾವತಿಯನ್ನು ತಡೆಯುವ ಕುನೋ ಎಂಬ ವ್ಯವಸ್ಥೆಗೆ ಕಾರ್ಡನ್ನು ಸೇರಿಸಿ ಎಂದು ಕೇಳಬೇಕು. ಅವನ ಬ್ಯಾಂಕಿಗೆ ಶಾಖೆ ಇದ್ದರೆ ಪಾಸ್‌ಪೋರ್ಟ್ ಹಿಡಿದು ಹೋಗಿ ಕೌಂಟರಿನಲ್ಲಿ ನಗದು ಕೇಳಲಿ. ಬರಿ ಆ್ಯಪಿನ ಬ್ಯಾಂಕಾದರೆ, ಅಂಥ ಕೆಲವು ಬ್ಯಾಂಕುಗಳಲ್ಲಿ ಸೂಪರ್‌ಮಾರ್ಕೆಟ್ಟಿನ ಗಲ್ಲಾದಲ್ಲಿ ಬಾರ್‌ಕೋಡ್ ತೋರಿಸಿ ನಗದು ಪಡೆಯುವ ಅನುಕೂಲ ಇದೆ. ಇವೆರಡೂ ಆಗದಿದ್ದರೆ ಅವನ ಸಹಪಾಠಿ ನಗದು ಕೊಡಲಿ, ಇವನು ಆ್ಯಪಿನಿಂದಲೇ ಸಹಪಾಠಿಯ ಜರ್ಮನ್ ಖಾತೆಗೆ ಯೂರೋ ವರ್ಗಾಯಿಸಲಿ. ಕಾರ್ಡ್ ಹೋದರೂ ಖಾತೆಯಿಂದ ಖಾತೆಗೆ ವರ್ಗಾವಣೆ ನಿಲ್ಲುವುದಿಲ್ಲ.

ಗಲ್ಫಿನಲ್ಲೋ ಅಮೆರಿಕದಲ್ಲೋ ನಿಮ್ಮ ನೆಂಟರಿದ್ದರೆ ಅವರು ಅಲ್ಲಿಂದ ಮಗನ ಹೆಸರಿಗೆ ವೆಸ್ಟರ್ನ್ ಯೂನಿಯನ್‌ನಲ್ಲಿ ನಗದು ಕಳಿಸಬಹುದು. ಕಳಿಸಿದವರಿಗೆ ಸಿಗುವ ಹತ್ತಂಕಿಯ ಸಂಖ್ಯೆಯೂ ಪಾಸ್‌ಪೋರ್ಟೂ ಇದ್ದರೆ ಸಾಮಾನ್ಯವಾಗಿ ಅಂದೇ ಕೈಗೆ ಸಿಗುತ್ತದೆ. ಇದು ಕೆಡುವುದು ಹೆಸರಿನಲ್ಲಿ. ನಮ್ಮ ಕಡೆ ಬ್ಯಾಂಕಿನಲ್ಲಿ ಎಸ್.ಎನ್. ಮಂಜುನಾಥ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ಲು ಬಿಚ್ಚಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಉದ್ದವಾಗಿರುತ್ತದೆ. ಕಳಿಸುವವರು ರೂಢಿಯ ಹೆಸರು ಬರೆದರೆ ಕೌಂಟರಿನವನು ಕೊಡುವುದಿಲ್ಲ. ಪಾಸ್‌ಪೋರ್ಟಿನ ಪುಟದ ಫೋಟೊ ಕಳಿಸಿ, ಅದರಲ್ಲಿರುವ ಕ್ರಮದಲ್ಲೇ ಬರೆಯಲು ಹೇಳಿ.

ಇಲ್ಲಿ ರೂಪಾಯಿ ಕೊಡಿ, ಅಲ್ಲಿ ನಮ್ಮವರು ಯೂರೋ ಕೊಡುತ್ತಾರೆ ಎನ್ನುವ ಏಜೆಂಟರ ತಂಟೆಗೆ ಮಾತ್ರ ಹೋಗಬೇಡಿ. ಅದು ಹವಾಲಾ. ಸಿಕ್ಕಿಬಿದ್ದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ದಂಡ, ಮೋಸ ಹೋದರೆ ದೂರು ಕೊಡಲೂ ಮುಖವಿಲ್ಲ.

ಪ್ರಶ್ನೆ: ದುಬೈಗೆ ಹೋದಾಗ ಕಾರ್ಡಿನ ಜೊತೆ ಫೋನೂ ಕಳುವಾದರೆ? ಊರಿನಲ್ಲಿರುವ ತಮ್ಮ ನನ್ನ ನಂಬರಿಗೆ ಡೂಪ್ಲಿಕೇಟ್ ಸಿಮ್ ತೆಗೆದುಕೊಟ್ಟರೆ ಸಾಕಲ್ಲವೇ?
ಮುಳಬಾಗಿಲು

ಉತ್ತರ: ಸಾಲದು. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಗುರುತಿನ ಚೀಟಿಯೊಂದಿಗೆ ಹೋಗಬೇಕು, ತಮ್ಮನಿಗೆ ಕೊಡುವುದಿಲ್ಲ. ಕೊಡಿಸಿಕೊಂಡರೆನ್ನಿ, ಬದಲಿ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸಿಮ್ ಬದಲಿಸಿ ಒಟಿಪಿ ಕದಿಯುವವರನ್ನು ತಡೆಯಲೆಂದೇ ಮಾಡಿದ ನಿಯಮ ಅದು. ಕಂಪನಿಗೆ ಫೋನ್ ಮಾಡಿ ಸಿಮ್ ಬ್ಲಾಕ್ ಮಾಡಿಸುವ ಕೆಲಸ ತಮ್ಮ ಮಾಡಲಿ. ಬ್ಯಾಂಕಿಗೆ ಹೇಳಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ನಿಲ್ಲಿಸುವ ಕೆಲಸ ನಿಮ್ಮದು. ಬರಿ ಕಾರ್ಡ್ ಬ್ಲಾಕ್ ಮಾಡಿದರೆ ಯುಪಿಐ ನಿಲ್ಲುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಇಂಥ ಹೊತ್ತಿನಲ್ಲಿ ಒಟಿಪಿ ಕೇಳುವ ಯಾವ ದಾರಿಯೂ ನಿಮ್ಮ ಪಾಲಿಗಿರುವುದಿಲ್ಲ. ಉಳಿಯುವುದು ಪಾಸ್‌ಪೋರ್ಟ್ ಮತ್ತು ಚೀಲದಲ್ಲಿ ಬೇರೆಯಾಗಿಟ್ಟ ನಗದು. ಡಾಲರ್ ನೋಟುಗಳಲ್ಲಿ ಹರಕು, ಗೀಚಿದ್ದು, ಹಳೆಯದು ಇದ್ದರೆ ಹಣ ಬದಲಿಸುವ ಕೌಂಟರುಗಳು ತಿರಸ್ಕರಿಸುತ್ತವೆ, ಕೊಳ್ಳುವಾಗಲೇ ಒಂದೊಂದನ್ನೂ ತಿರುವಿ ನೋಡಿ. ನಮ್ಮ ರೂಪಾಯಿಯನ್ನೂ 25,000ದ ತನಕ ಒಯ್ಯಬಹುದು. ದುಬೈ, ಸಿಂಗಪುರ, ಬ್ಯಾಂಕಾಕಿನ ಹಲವು ಕೌಂಟರುಗಳು ಬದಲಿಸಿಕೊಡುತ್ತವೆ. ದರ ಚೆನ್ನಾಗಿರುವುದಿಲ್ಲ, ಆದರೂ ಆ ಹೊತ್ತಿಗೆ ದೇವರಿದ್ದಂತೆ.

ಪ್ರಶ್ನೆ: ಮುಕ್ತಿನಾಥ ಯಾತ್ರೆಗೆ ಹೊರಟಿದ್ದೇವೆ. ನನ್ನಲ್ಲಿರುವುದು ರುಪೇ ಕಾರ್ಡ್ ಮತ್ತು ಫೋನಿನಲ್ಲಿ ಯುಪಿಐ. ನೇಪಾಳದಲ್ಲಿ ನಡೆಯುತ್ತಾ?
ಚಿಂತಾಮಣಿ

ಉತ್ತರ: ಕಾರ್ಡಿನ ಹಿಂಬದಿಯಲ್ಲಿ ಡಿಸ್ಕವರ್ ಅಥವಾ ಡೈನರ್ಸ್ ಕ್ಲಬ್ ಗುರುತಿದ್ದರೆ ಅದು ಹೊರದೇಶದಲ್ಲೂ ನಡೆಯುವ ರುಪೇ. ಗುರುತಿಲ್ಲದಿದ್ದರೆ ಬ್ರಾಂಚಿನಲ್ಲಿ ಕೇಳಿಯೇ ಹೊರಡಿ. ಯುಪಿಐ 2024ರ ಮಾರ್ಚಿನಿಂದ ನೇಪಾಳದಲ್ಲಿದೆ. ಫೋನ್‌ಪೇ ಅಲ್ಲ, ಫೋನೆಪೇ ಎಂಬ ಅಲ್ಲಿಯ ಕಂಪನಿಯ ಕ್ಯುಆರ್ ಕೋಡ್ ಇರುವ ಅಂಗಡಿಗಳಲ್ಲಿ ಸ್ಕ್ಯಾನ್ ಮಾಡಬಹುದು. ಮೊದಲು ನಿಮ್ಮ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡಬೇಕು. ಅದಕ್ಕೆ ಅವಧಿ ಇರುತ್ತದೆ, ಮುಗಿದ ಮೇಲೆ ತಾನಾಗಿಯೇ ಆಫ್ ಆಗುತ್ತದೆ.

ಕಾರ್ಡ್ ಕಳೆದವರಿಗೆ ಯುಪಿಐನಿಂದ ಆಗುವ ದೊಡ್ಡ ಉಪಕಾರವೆಂದರೆ ಅದು ಖಾತೆಗೆ ಅಂಟಿದ್ದು, ಕಾರ್ಡಿಗಲ್ಲ. ಕಾರ್ಡ್ ಬ್ಲಾಕ್ ಆದ ಮೇಲೂ ಎಂದಿನಂತೆ ನಡೆಯುತ್ತದೆ. ಆದರೆ ಆ್ಯಪನ್ನು ಅಳಿಸಿ ಮತ್ತೆ ಹಾಕುವ ಸಾಹಸ ಅಲ್ಲಿ ಬೇಡ. ಹೊಸದಾಗಿ ನೋಂದಣಿಯಾಗಲು ನಿಮ್ಮ ಸಿಮ್ಮಿನಿಂದ ಎಸ್‌ಎಂಎಸ್ ಹೋಗಬೇಕು. ಯುಪಿಐ ಪಿನ್ ಮರೆತರೆ ಕಾರ್ಡಿನ ಕೊನೆಯ ಆರಂಕಿ ಕೇಳುತ್ತದೆ, ಬ್ಲಾಕ್ ಆದ ಕಾರ್ಡಿನದು ಕೆಲಸಕ್ಕೆ ಬಾರದು. ಆಗ ಆಧಾರ್ ಮೂಲಕ ಪಿನ್ ಬದಲಿಸುವ ದಾರಿ ಮಾತ್ರ ಉಳಿಯುತ್ತದೆ.

ಶ್ರೀಲಂಕಾ, ಭೂತಾನ್, ಮಾರಿಷಸ್, ಯುಎಇ ಕಡೆ ಹೋಗುವವರಿಗೂ ಅಂಗಡಿಯಲ್ಲಿ ಯುಪಿಐ ಕೊಡುವ ಅನುಕೂಲ ಇದೆ, ಎಲ್ಲ ಅಂಗಡಿಗಳಲ್ಲಿ ಇಲ್ಲ. ಇದು ಅಂಗಡಿಗೆ ಕೊಡುವ ವ್ಯವಸ್ಥೆ, ನಗದು ತೆಗೆಯುವುದಕ್ಕಲ್ಲ. ಸಿಂಗಪುರದ್ದು ಬೇರೆ ಕತೆ. 2023ರ ಫೆಬ್ರುವರಿಯಿಂದ ಪೇನೌ ಎಂಬ ಅಲ್ಲಿಯ ಹಣ ಪಾವತಿ ವ್ಯವಸ್ಥೆಗೂ ನಮ್ಮ ಯುಪಿಐಗೂ ಕೊಂಡಿ ಬಿದ್ದಿದೆ. ಅದರಲ್ಲಿ ಸೇರಿರುವ ಬ್ಯಾಂಕುಗಳ ಖಾತೆಯಿಂದ ಅಲ್ಲಿರುವ ಪರಿಚಿತರ ಮೊಬೈಲ್ ನಂಬರಿಗೇ ದಿನಕ್ಕೆ 60,000 ರೂಪಾಯಿ ತನಕ ಕಳಿಸಬಹುದು.

ಮುಕ್ತಿನಾಥದ ಹಾದಿಯಲ್ಲಿ ಸಿಗ್ನಲ್ ಹೋದರೆ ಕ್ಯುಆರ್ ಕೂಡ ಹೋಯಿತು. ಪೋಖರಾದಲ್ಲೇ ನೇಪಾಳಿ ರೂಪಾಯಿ ತೆಗೆದಿಟ್ಟುಕೊಳ್ಳಿ. ನಮ್ಮ 100ಕ್ಕೆ ಅವರ 160, ಈ ದರ ಕಟ್ಟಿಟ್ಟದ್ದು, ಚೌಕಾಸಿಯಲ್ಲಿ ಕಡಿಮೆ ಕೊಟ್ಟರೆ ಒಪ್ಪಬೇಡಿ. ನಮ್ಮ ನೋಟೇ ಒಯ್ಯುವುದಾದರೆ 100 ಮತ್ತು ಅದಕ್ಕೂ ಸಣ್ಣವೇ ತಲೆನೋವಿಲ್ಲದವು. ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇರಲಿ, ಆಧಾರ್ ಒಂದನ್ನೇ ನಂಬಿ ಹೊರಡಬೇಡಿ.

ಪ್ರಶ್ನೆ: ಬ್ಯಾಂಕಿನವರು ಫಾರೆಕ್ಸ್ ಕಾರ್ಡ್ ತೆಗೆದುಕೊಳ್ಳಿ ಎನ್ನುತ್ತಾರೆ. ಅದು ಕಳೆದರೂ ಇದೇ ಪಾಡಲ್ಲವೇ?
ಬಿ.ಎಚ್. ರಸ್ತೆ, ತುಮಕೂರು

ಉತ್ತರ: ಅಲ್ಲ. ಫಾರೆಕ್ಸ್ ಕಾರ್ಡ್ ಎಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಕಾರ್ಡ್, ಅದರಲ್ಲಿ ನೀವು ತುಂಬಿದಷ್ಟೇ ಹಣ. ಉಳಿತಾಯ ಖಾತೆಯ ಕಡೆಗೆ ಬಾಗಿಲಿಲ್ಲ. ಹಲವು ಬ್ಯಾಂಕುಗಳು ಒಂದೇ ಲಕೋಟೆಯಲ್ಲಿ ಎರಡು ಕಾರ್ಡ್ ಕೊಡುತ್ತವೆ. ಒಂದು ಕಳೆದರೆ ಅದನ್ನು ಬ್ಲಾಕ್ ಮಾಡಿ ಇನ್ನೊಂದನ್ನು ಚಾಲೂ ಮಾಡಿಸಿದರೆ ಅದೇ ಹಣ ಅದರಲ್ಲಿ ಸಿಗುತ್ತದೆ. ಕೊಳ್ಳುವಾಗ ಎರಡನೆಯದು ಇದೆಯೇ ಎಂದು ಕೇಳಿ, ಲಕೋಟೆ ಸಮೇತ ಒಂದೇ ಕಡೆ ಇಡಬೇಡಿ. ಹಣ ಕಟ್ಟುವಾಗ 50,000ಕ್ಕಿಂತ ಹೆಚ್ಚಾದರೆ ನಗದು ತೆಗೆದುಕೊಳ್ಳುವುದಿಲ್ಲ, ಖಾತೆಯಿಂದಲೇ ಹೋಗಬೇಕು. ವಿದೇಶಿ ನೋಟುಗಳು ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ತನಕ, ಉಳಿದದ್ದು ಕಾರ್ಡಿನಲ್ಲಿ. ದೇವನಹಳ್ಳಿ ವಿಮಾನ ನಿಲ್ದಾಣದ ಕೌಂಟರಿಗೆ ಬಿಡಬೇಡಿ, ದರದಲ್ಲಿ ಕೈ ಕಚ್ಚುತ್ತದೆ. ವಾಪಸ್ಸು ಬಂದ ಮೇಲೆ ಉಳಿದ ಹಣದಲ್ಲಿ 2,000 ಡಾಲರ್ ತನಕ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು 180 ದಿನದೊಳಗೆ ಮರಳಿಸಬೇಕು.

ಒಂದು ಕೊರತೆ: ಹೋಟೆಲ್ ಡೆಪಾಸಿಟ್, ಬಾಡಿಗೆ ಕಾರು ಇವಕ್ಕೆ ಫಾರೆಕ್ಸ್ ಕಾರ್ಡ್ ಕೊಡಬೇಡಿ. ಅವರು ತಡೆಹಿಡಿದ ಹಣ ಬಿಡುಗಡೆಯಾಗಲು ವಾರಗಳೇ ಹಿಡಿಯಬಹುದು, ಅಷ್ಟು ದಿನ ನಿಮ್ಮದೇ ದುಡ್ಡು ನಿಮ್ಮದಲ್ಲ. ಅದಕ್ಕೆ ಕ್ರೆಡಿಟ್ ಕಾರ್ಡ್ ಸರಿ. ಆದರೆ ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆಯುವುದು ಕಟ್ಟಕಡೆಯ ಉಪಾಯ, ತೆಗೆದ ದಿನದಿಂದಲೇ ಬಡ್ಡಿ ಶುರು.

ಪ್ರಶ್ನೆ: ಕೈಯಲ್ಲಿ ಬಿಡಿಗಾಸೂ ಇಲ್ಲದಿದ್ದರೆ ಭಾರತದ ರಾಯಭಾರ ಕಚೇರಿ ಹಣ ಕೊಡುತ್ತದೆಯೇ?
ಗೌರಿಬಿದನೂರು

ಉತ್ತರ: ಪ್ರವಾಸ ಮುಂದುವರಿಸಲು ಕೊಡುವುದಿಲ್ಲ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ನಿಜಕ್ಕೂ ದಿಕ್ಕಿಲ್ಲದವರಿಗೆ, ಪರಿಸ್ಥಿತಿ ಪರಿಶೀಲಿಸಿ, ವಸತಿ, ತುರ್ತು ಚಿಕಿತ್ಸೆ, ಊರಿಗೆ ಮರಳುವ ಟಿಕೆಟ್ ಇಂಥವಕ್ಕೆ ಬಳಸುತ್ತಾರೆ. ಪಾಸ್‌ಪೋರ್ಟೂ ಹೋಗಿದ್ದರೆ ಭಾರತಕ್ಕೆ ಮರಳಲಷ್ಟೇ ಸಲ್ಲುವ ತುರ್ತು ಪ್ರಮಾಣಪತ್ರ ಅವರೇ ಕೊಡಬೇಕು. ಅದಕ್ಕೆ ಪೊಲೀಸ್ ವರದಿ, ಫೋಟೊ, ಹಳೆಯ ಪಾಸ್‌ಪೋರ್ಟಿನ ನಕಲು ಒಯ್ಯಿರಿ. ಮನೆಯವರು ಇಲ್ಲಿಂದ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು.

ಪ್ರಶ್ನೆ: ಕೌಲಾಲಂಪುರದಲ್ಲಿ ಶನಿವಾರ ರಾತ್ರಿ ಕಾರ್ಡ್ ಕಳೆಯಿತು. ಭಾನುವಾರ ಬೆಳಿಗ್ಗೆ ಮೆಸೇಜ್ ನೋಡಿ ಬ್ಲಾಕ್ ಮಾಡಿಸಿದೆ. ಅಷ್ಟರಲ್ಲಿ 48,300 ರೂಪಾಯಿ ಹೋಗಿತ್ತು, ಎಲ್ಲ ಟ್ಯಾಪ್ ಮಾಡಿದ್ದು ಮತ್ತು ಆನ್‌ಲೈನ್. ಬ್ಯಾಂಕಿನವರು ನಿಮ್ಮ ಅಜಾಗ್ರತೆ, ನಾವು ಹೊಣೆಯಲ್ಲ ಎನ್ನುತ್ತಿದ್ದಾರೆ.
ರೇಷ್ಮೆ ನೂಲು ಬಿಚ್ಚಾಣಿಕೆದಾರ, ಶಿಡ್ಲಘಟ್ಟ

ಉತ್ತರ: ಬಾಯಿಮಾತಿನ ನಿರಾಕರಣೆಗೆ ಬಗ್ಗಬೇಡಿ ಸಾರ್. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದಕ್ಕೇ ಇರುವುದು. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷದ ಡಿಸೆಂಬರಿನಲ್ಲಿ ಬೇರೆ ಸುತ್ತೋಲೆ ಬಂತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರದು ಎಂದಾದರೆ, ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನವಾದರೆ ಸಾಧಾರಣ ಉಳಿತಾಯ ಖಾತೆಗೆ ವ್ಯವಹಾರವೊಂದಕ್ಕೆ ಹೆಚ್ಚೆಂದರೆ 10,000 ರೂಪಾಯಿ ಹೊಣೆ. ದಿನ ಲೆಕ್ಕ ಹಾಕುವುದು ನಿಮ್ಮ ಶಿಡ್ಲಘಟ್ಟದ ಶಾಖೆಯ ಕೆಲಸದ ದಿನಗಳ ಪ್ರಕಾರ, ಮೆಸೇಜ್ ಬಂದ ದಿನ ಬಿಟ್ಟು. ನೀವು ಮಾರನೆಯ ಬೆಳಿಗ್ಗೆಯೇ ತಿಳಿಸಿದ್ದೀರಿ, ಭಾನುವಾರ ಲೆಕ್ಕಕ್ಕೇ ಬರುವುದಿಲ್ಲ.

ಬ್ಯಾಂಕು ಗೆಲ್ಲುವುದು ಒಂದೇ ಸಂದರ್ಭದಲ್ಲಿ: ಪಿನ್ ಅಥವಾ ಗುಟ್ಟಿನ ವಿವರವನ್ನು ನೀವೇ ಬಿಟ್ಟುಕೊಟ್ಟಿದ್ದರೆ. ಕಾರ್ಡಿನ ಕವರಿನ ಮೇಲೆ ಪಿನ್ ಬರೆದಿಡುವವರು ಇಲ್ಲೇ ಸೋಲುತ್ತಾರೆ, ಬ್ಲಾಕ್ ಮಾಡುವ ತನಕದ ನಷ್ಟ ಅವರದೇ. ನಿಮ್ಮ ವ್ಯವಹಾರಗಳಲ್ಲಿ ಪಿನ್ ಬಳಕೆಯೇ ಇಲ್ಲದಿದ್ದರೆ ನಿಮ್ಮ ವಾದ ಗಟ್ಟಿ. ಗ್ರಾಹಕನ ತಪ್ಪು ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನದೇ. ಎಟಿಎಂನಲ್ಲಿ ಪಿನ್ ಹಾಕಿ ತೆಗೆದ ಹಣವಾಗಿದ್ದರೆ ಜಗಳ ಕಷ್ಟವಿತ್ತು.

ಶಾಖೆಗೆ ಬರಹದಲ್ಲಿ ದೂರು ಕೊಟ್ಟು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಪ್ರತಿ ವ್ಯವಹಾರದ ಮೊತ್ತ, ಸಮಯ, ಬ್ಲಾಕ್ ಮಾಡಿದ ದೂರು ಸಂಖ್ಯೆ, ಮಲೇಷ್ಯಾದ ಪೊಲೀಸ್ ವರದಿ, ಪಾಸ್‌ಪೋರ್ಟಿನ ಪ್ರವೇಶ-ನಿರ್ಗಮನದ ಪುಟ ಲಗತ್ತಿಸಿ. ಪ್ರತಿ ವ್ಯವಹಾರಕ್ಕೂ ಯಾವ ಬಗೆಯ ದೃಢೀಕರಣ ನಡೆಯಿತು ಎಂದು ಬರಹದಲ್ಲಿ ಕೇಳಿ, ಬ್ಯಾಂಕಿಗೆ ಅತಿ ಮುಜುಗರದ ಪ್ರಶ್ನೆ ಅದೇ. ನೀವು ತಿಳಿಸಿದ 10 ಕೆಲಸದ ದಿನದೊಳಗೆ ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ಇತ್ಯರ್ಥ ಮಾಡಬೇಕು. ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲಿನಲ್ಲಿ ನೀವೇ ಹಾಕಬಹುದು, ಇಲ್ಲವೇ ಅಂಚೆಯಲ್ಲಿ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕೃತಿ ಕೇಂದ್ರಕ್ಕೆ ಕಳಿಸಬಹುದು. ಮಾಹಿತಿಗೆ 14448, ಕನ್ನಡದಲ್ಲೂ ಮಾತಾಡಬಹುದು. ಶಾಖೆಗೆ ದೂರು ಕೊಡುವ ಮೊದಲೇ ನೇರವಾಗಿ ಅಲ್ಲಿಗೆ ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ, ಆದ್ದರಿಂದ ಆ ಸೀಲು ಹಾಕಿದ ಪ್ರತಿ ಜೋಪಾನ.